ತಪ್ಪು ದಾಖಲಾಗದ ವಾರ್ಡು: ತುಮಕೂರು ಜಿಲ್ಲೆಯ ಶುಶ್ರೂಷಕಿಯರು ಮತ್ತು ರೋಗಿ ಸುರಕ್ಷತೆ

2022ರ ನವೆಂಬರಿನಲ್ಲಿ ತುಮಕೂರು ಜಿಲ್ಲಾಸ್ಪತ್ರೆಗೆ ಬಂದ ಗರ್ಭಿಣಿಯೊಬ್ಬರನ್ನು ತಾಯಿ ಕಾರ್ಡ್, ಆಧಾರ್ ಇಲ್ಲವೆಂದು ದಾಖಲಿಸಿಕೊಳ್ಳದೆ ಕಳಿಸಿದರೆಂಬ ಆರೋಪ ಎದ್ದಿತು. ಮನೆಯಲ್ಲೇ ಹೆರಿಗೆಯಾಗಿ ತಾಯಿಯೂ ಅವಳಿ ಶಿಶುಗಳೂ ತೀರಿಕೊಂಡರು. 2024ರ ಫೆಬ್ರವರಿಯಲ್ಲಿ ಪಾವಗಡದ ಸರ್ಕಾರಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೊಳಗಾದ ಮೂವರು ಮಹಿಳೆಯರು ಸತ್ತರು. ಸೋಂಕಿನ ಶಂಕೆ ಬಂತು. ಎರಡೂ ಕಡೆ ವೈದ್ಯರ ಜೊತೆಗೆ ಶುಶ್ರೂಷಕಿಯರ ಮೇಲೂ ಕ್ರಮ ಜರುಗಿತು.

ಗರ್ಭಿಣಿಯನ್ನು ಬಾಗಿಲಿಂದ ಹಿಂದಕ್ಕೆ ಕಳಿಸುವುದು ಕೈತಪ್ಪಲ್ಲ, ಅದಕ್ಕೆ ಶಿಸ್ತುಕ್ರಮ ತಕ್ಕದ್ದೇ. ಆದರೆ ಕೈತಪ್ಪಿಗೂ ಅದೇ ಮದ್ದು ಎಂದಾಗ, ಮರುದಿನ ಕುಣಿಗಲ್ಲಿನಲ್ಲೋ ಗುಬ್ಬಿಯಲ್ಲೋ ಡ್ಯೂಟಿಗೆ ಬರುವ ಶುಶ್ರೂಷಕಿ ಏನು ಕಲಿಯುತ್ತಾಳೆ?

ಆರೋಗ್ಯಸೇವೆಯ ಗುಣಮಟ್ಟ ಕುರಿತ ಅಮೆರಿಕದ ಸರ್ಕಾರಿ ಸಂಸ್ಥೆ ಎಎಚ್‌ಆರ್‌ಕ್ಯೂ 2004ರಲ್ಲಿ ಆಸ್ಪತ್ರೆ ಸಿಬ್ಬಂದಿಗೆಂದು ಹೊರತಂದ ಸುರಕ್ಷತಾ ಸಂಸ್ಕೃತಿಯ ಪ್ರಶ್ನಾವಳಿಯಲ್ಲಿ 42 ಪ್ರಶ್ನೆಗಳು, 12 ಆಯಾಮಗಳು. ಅದನ್ನು ಬಳಸಿದ ಅಧ್ಯಯನಗಳಲ್ಲಿ ವಾರ್ಡಿನೊಳಗಿನ ಒಗ್ಗಟ್ಟಿಗೆ ಸಾಮಾನ್ಯವಾಗಿ ಒಳ್ಳೆಯ ಅಂಕ, ‘ತಪ್ಪಿಗೆ ದಂಡಿಸದಿರುವಿಕೆ’ಗೆ ತೀರ ಕಡಿಮೆ. ಜೊತೆಗಾತಿಯನ್ನು ನಂಬುವ ಸಿಸ್ಟರ್ ಮೇಲಿನವರನ್ನು ನಂಬುವುದಿಲ್ಲ.

ಇದು ಕಾಗದದ ಮೇಲಿನ ಅಂಕವಷ್ಟೇ ಅಲ್ಲ. ಆಟೋಕ್ಲೇವಿನಿಂದ ಹೊರಬಂದ ಡ್ರಮ್ಮಿನ ಮೇಲೆ ಒಂದು ಟೇಪು ಇರುತ್ತದೆ. ಅದರ ಗೆರೆ ಕಪ್ಪಾಗಿದ್ದರೆ ಡ್ರಮ್ಮು ಹಬೆಗೆ ಹೋಗಿ ಬಂದಿದೆ ಎಂದಷ್ಟೇ ಅರ್ಥ. 121 ಡಿಗ್ರಿ ಶಾಖ ಒಳಗಿನ ಕತ್ತರಿ, ಇಕ್ಕಳಗಳ ನಡುವೆ ಬೇಕಾದಷ್ಟು ಹೊತ್ತು ನಿಂತಿತ್ತೆಂದಲ್ಲ. ಅದಕ್ಕೆ ಒಳಗಿಡುವ ಸೂಚಕ ಪಟ್ಟಿ ಬೇಕು. ಪಾವಗಡದಲ್ಲಿ ಹೀಗಾಯಿತೆಂದು ಹೇಳುತ್ತಿಲ್ಲ. ಎಲ್ಲಾದರೂ ಒಂದು ದಿನ ಆ ಪಟ್ಟಿ ಬಣ್ಣ ಬದಲಿಸಿಲ್ಲವೆನ್ನಿ. ಹೊರಗೆ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಬಂದವರು ಬೆಳಗಿನಿಂದ ಉಪವಾಸ ಕೂತಿದ್ದಾರೆ, ಡಾಕ್ಟರು ಕೈ ತೊಳೆದು ನಿಂತಿದ್ದಾರೆ. “ಸರ್, ಇನ್ನೊಂದ್ಸಲ ಹಾಕ್ಬೇಕು” ಎನ್ನಲು ಗುತ್ತಿಗೆ ನೌಕರಿಯ ಸಿಸ್ಟರ್‌ಗೆ ಬಾಯಿ ಬರುತ್ತದೆಯೆ?

ತಪಾಸಣಾ ಪಟ್ಟಿ ಕೊಟ್ಟರೆ ಸಾಕೆಂಬ ವಾದವಿದೆ. ಅದಕ್ಕೆ ಆಧಾರ ನಮ್ಮ ರಾಜ್ಯದಲ್ಲೇ ಸಿಕ್ಕಿತ್ತು: 2010ರಲ್ಲಿ ಕರ್ನಾಟಕದ ಒಂದು ಹೆರಿಗೆ ಕೇಂದ್ರದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆ ಪಟ್ಟಿಯನ್ನು ಪ್ರಯೋಗಿಸಿದಾಗ, 29 ಅಗತ್ಯ ಕ್ರಮಗಳ ಪೈಕಿ ಸರಾಸರಿ 10 ಪಾಲನೆಯಾಗುತ್ತಿದ್ದದ್ದು 25ಕ್ಕೆ ಏರಿತು. ಅದೇ ಪಟ್ಟಿಯನ್ನು ಉತ್ತರ ಪ್ರದೇಶದಲ್ಲಿ ಬಳಸಿದ ದೊಡ್ಡ ಪ್ರಯೋಗದ ಫಲಿತಾಂಶ 2017ರಲ್ಲಿ ಬಂದಾಗ ಚಿತ್ರ ಬೇರೆಯಾಗಿತ್ತು. ತರಬೇತಿ ಶುರುವಾದ 2 ತಿಂಗಳಿಗೆ ಶೇ 72.8ರಷ್ಟಿದ್ದ ಪಾಲನೆ, ತರಬೇತುದಾರರು ಹೋದ ಮೇಲೆ, 12ನೇ ತಿಂಗಳಿಗೆ ಶೇ 61.7ಕ್ಕೆ ಇಳಿಯಿತು, ಸಾವುಗಳಲ್ಲಿ ಗಮನಾರ್ಹ ವ್ಯತ್ಯಾಸವಾಗಲಿಲ್ಲ. ಒಂದು ಕೇಂದ್ರದ ಯಶಸ್ಸನ್ನು ರಾಜ್ಯಕ್ಕೆಲ್ಲ ಹಿಗ್ಗಿಸುವ ನಮ್ಮ ಇಲಾಖೆಗಳ ಆತುರಕ್ಕೆ ಇದು ಎಚ್ಚರಿಕೆ.

ಪಟ್ಟಿ ಇದ್ದೂ ಭಯ ಉಳಿದರೆ ಏನಾಗುತ್ತದೆ? ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯ ಗರ್ಭಿಣಿಗೆ ರಕ್ತದೊತ್ತಡ ಏರಿ ಫಿಟ್ಸ್ ಬಂತೆನ್ನಿ. ಕುಣಿಗಲ್ ಆಸ್ಪತ್ರೆ, ಅಲ್ಲಿಂದ ತುಮಕೂರು. ಇಲ್ಲವೇ ಯಡಿಯೂರಿನ ಮೇಲೆ ಬಿ.ಜಿ. ನಗರದ ವೈದ್ಯಕೀಯ ಕಾಲೇಜು ಆಸ್ಪತ್ರೆ. ಫಿಟ್ಸ್ ತಡೆಯುವ ಮೆಗ್ನೀಷಿಯಂ ಸಲ್ಫೇಟಿನ ಮೊದಲ ಡೋಸು ಎಷ್ಟು ಹೊತ್ತಿಗೆ ಕೊಟ್ಟರೆಂಬುದು ರೆಫರಲ್ ಚೀಟಿಯಲ್ಲಿ ಇಲ್ಲದಿದ್ದರೆ ಮುಂದಿನ ಶುಶ್ರೂಷಕಿ ಮತ್ತೆ ಕೊಡುವಂತೆಯೂ ಇಲ್ಲ, ಬಿಡುವಂತೆಯೂ ಇಲ್ಲ. ತಡವಾಗಿ ಕೊಟ್ಟಾಕೆಗೆ ಆ ಸಮಯ ನಾಳೆಯ ವಿಚಾರಣೆಯಲ್ಲಿ ತನ್ನ ವಿರುದ್ಧದ ಪುರಾವೆ. ಹಾಗಾಗಿ ಆ ಜಾಗ ಖಾಲಿ ಉಳಿಯುವ ಸಂಭವವೇ ಹೆಚ್ಚು.

ರಾಷ್ಟ್ರೀಯ ರೋಗಿ ಸುರಕ್ಷತಾ ಅನುಷ್ಠಾನ ಚೌಕಟ್ಟು (2018–2025) ಪ್ರಮಾದಗಳ ವರದಿ ವ್ಯವಸ್ಥೆಯನ್ನು ಗುರಿಯಾಗಿಟ್ಟುಕೊಂಡಿತ್ತು. ಕುಣಿಗಲ್ ಮತ್ತು ಗುಬ್ಬಿ ಆಸ್ಪತ್ರೆಗಳಲ್ಲಿ ಕೈತಪ್ಪುಗಳಿಗೆಂದೇ, ಇಲಾಖಾ ವಿಚಾರಣೆ ಮುಟ್ಟಬಾರದ ಒಂದು ರಿಜಿಸ್ಟರ್ ಇಟ್ಟು, ಅದಕ್ಕೆ ಮೊದಲಿನ ಹಾಗೂ ನಂತರದ ರೆಫರಲ್ ಚೀಟಿಗಳಲ್ಲಿ ಸಮಯದ ಕಾಲಂ ಎಷ್ಟು ಕಡೆ ಖಾಲಿಯಿದೆಯೆಂದು ಎಣಿಸಬಹುದು. ಈ ಅಧ್ಯಯನಕ್ಕೆ ಪ್ರಶ್ನಾವಳಿಯೂ ಬೇಕಿಲ್ಲ.