ಮಾಧವ, ವಿದ್ಯಾರಣ್ಯ, ಸಾಯಣಮಾಧವ: ಹೆಸರು ಮತ್ತು ಕಾಲಗಳ ಕುರಿತ ಟಿಪ್ಪಣಿ

1. ವ್ಯಾಪ್ತಿ

ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಆರನೆಯ ಸಂಪುಟ (1901) ಅಂದಿನ ಕಡೂರು ಜಿಲ್ಲೆಯ ಶಾಸನಗಳನ್ನು ಒಳಗೊಂಡಿದೆ. ಜಿಲ್ಲಾ ಕೇಂದ್ರವು 1865ರಲ್ಲಿಯೇ ಕಡೂರಿನಿಂದ ಚಿಕ್ಕಮಗಳೂರಿಗೆ ಬದಲಾಗಿದ್ದರೂ ಜಿಲ್ಲೆಯ ಹೆಸರು 1947ರವರೆಗೆ ಹಾಗೆಯೇ ಉಳಿದಿತ್ತು. ಹೀಗಾಗಿ ಬಯಲುಭಾಗದ ಕಡೂರು ಮತ್ತು ತರೀಕೆರೆ ತಾಲ್ಲೂಕುಗಳ ಶಾಸನಗಳೂ ಮಲೆನಾಡಿನ ಶೃಂಗೇರಿ ಜಹಗೀರಿನ ಶಾಸನಗಳೂ ಒಂದೇ ಸಂಪುಟದಲ್ಲಿ ಸೇರಿವೆ. ಇಂದು ಪ್ರತ್ಯೇಕ ತಾಲ್ಲೂಕಾಗಿರುವ ಅಜ್ಜಂಪುರವನ್ನು ಅದರಲ್ಲಿ ತರೀಕೆರೆಯ ವಿಭಾಗದಲ್ಲಿಯೇ ನೋಡಬೇಕು.

ಹದಿನಾಲ್ಕನೆಯ ಶತಮಾನದ ಮಾಧವಾಚಾರ್ಯ ಮತ್ತು ವಿದ್ಯಾರಣ್ಯರು ಒಬ್ಬರೇ ಎಂಬ ಅಭಿಪ್ರಾಯಕ್ಕೆ ಶಾಸನಗಳು ಎಷ್ಟರಮಟ್ಟಿಗೆ ಆಧಾರ, ಗ್ರಂಥಗಳು ಎಷ್ಟರಮಟ್ಟಿಗೆ ಆಧಾರ ಎಂಬುದನ್ನು ಬಿಡಿಸಿ ನೋಡುವುದಷ್ಟೇ ಈ ಟಿಪ್ಪಣಿಯ ಉದ್ದೇಶ. ವಿಜಯನಗರ ಸ್ಥಾಪನೆಯ ಐತಿಹ್ಯವನ್ನು ಇಲ್ಲಿ ಚರ್ಚಿಸಿಲ್ಲ.

2. ಶಾಸನಗಳ ಸಾಕ್ಷ್ಯ

2.1. ಈ ಸಂಪುಟದ ಶೃಂಗೇರಿ 1ನೆಯ ಶಾಸನದ ಕಾಲ 1346. ಒಂದನೆಯ ಹರಿಹರ ಮತ್ತು ಅವನ ಸಹೋದರರು ಭಾರತೀತೀರ್ಥ ಶ್ರೀಪಾದರಿಗೂ ಅವರ ಶಿಷ್ಯರಿಗೂ ಶೃಂಗೇರಿಯ ನಲವತ್ತು ಮಂದಿ ಬ್ರಾಹ್ಮಣರಿಗೂ ಒಂಬತ್ತು ಹಳ್ಳಿಗಳನ್ನು ದತ್ತಿ ಬಿಟ್ಟದ್ದನ್ನು ಅದು ದಾಖಲಿಸುತ್ತದೆ. ವಿದ್ಯಾತೀರ್ಥರ ಸ್ತುತಿ ಅದರಲ್ಲಿದೆ. ವಿದ್ಯಾರಣ್ಯ ಎಂಬ ಹೆಸರಿಲ್ಲ. ಹೆಸರು ಇಲ್ಲದಿರುವುದು ವ್ಯಕ್ತಿ ಇರಲಿಲ್ಲ ಎಂಬುದಕ್ಕೆ ಪ್ರಮಾಣವಾಗದು. 1346ರಲ್ಲಿ ವಿದ್ಯಾರಣ್ಯರು ಮಠದ ಮುಖ್ಯಸ್ಥರಾಗಿರಲಿಲ್ಲ ಎಂಬಷ್ಟನ್ನು ಮಾತ್ರ ಇದರಿಂದ ಗ್ರಹಿಸಬಹುದು.

2.2. ವಿದ್ಯಾರಣ್ಯರ ಹೆಸರಿರುವ, ಸಂಶಯಕ್ಕೆ ಹೆಚ್ಚು ಎಡೆಯಿಲ್ಲದ ಮೊದಲ ಶಾಸನವೆಂದು ಸಾಮಾನ್ಯವಾಗಿ ಪರಿಗಣಿತವಾಗಿರುವುದು ಮಂಗಳೂರಿನ ಸಮೀಪದ ಕುಡುಪುವಿನದು. ಅದರ ಕಾಲ 1375. ಅವರ ಹೆಸರಿದ್ದು 1336ರ ಕಾಲವನ್ನು ಸೂಚಿಸುವ ತಾಮ್ರಪಟಗಳನ್ನು ಬಹುಮಂದಿ ವಿದ್ವಾಂಸರು ಈಚಿನ ಕಾಲದ ರಚನೆಗಳೆಂದು ಬಗೆದಿದ್ದಾರೆ. ಇಲ್ಲಿಯೂ ಅವುಗಳನ್ನು ಆಧಾರವಾಗಿ ಬಳಸಿಲ್ಲ.

2.3. ಮಠದ ಗುರುಪರಂಪರೆಯ ಪಟ್ಟಿಯಂತೆ ಭಾರತೀತೀರ್ಥರ ಕಾಲ 1333ರಿಂದ 1380, ವಿದ್ಯಾರಣ್ಯರದು 1380ರಿಂದ 1386. 1386 ಎಂಬ ಕೊನೆಯ ವರ್ಷಕ್ಕೆ (ಕ್ಷಯ ಸಂವತ್ಸರ) ಎರಡನೆಯ ಹರಿಹರನ ದಾನಪತ್ರದ ಬೆಂಬಲವಿದೆ. ಆದರೆ 1375 ಮತ್ತು 1380ರ ನಡುವೆ ಐದು ವರ್ಷಗಳ ವ್ಯತ್ಯಾಸ ಉಳಿಯುತ್ತದೆ. ಇದಕ್ಕೆ ಎರಡು ಪರಿಹಾರಗಳು ಸಾಧ್ಯ: ಭಾರತೀತೀರ್ಥರು 1375ಕ್ಕೆ ಮುಂಚೆಯೇ ತೀರಿಕೊಂಡಿರಬಹುದು, ಅಥವಾ ಅವರಿರುವಾಗಲೇ ವಿದ್ಯಾರಣ್ಯರು ಮಠದ ಅಧಿಕಾರವನ್ನು ನಿರ್ವಹಿಸುತ್ತಿದ್ದಿರಬಹುದು. ಮೊದಲನೆಯದು ಸರಳವಾದುದು, ಎರಡನೆಯದನ್ನು ತಳ್ಳಿಹಾಕುವಂತಿಲ್ಲ.

3. ಗ್ರಂಥಗಳ ಸಾಕ್ಷ್ಯ

3.1. ಪರಾಶರಮಾಧವೀಯದಲ್ಲಿ ಮಾಧವನು ತನ್ನ ವಿವರಗಳನ್ನು ಸ್ಪಷ್ಟವಾಗಿ ಕೊಡುತ್ತಾನೆ: ತಾಯಿ ಶ್ರೀಮತಿ, ತಂದೆ ಮಾಯಣ, ತಮ್ಮಂದಿರು ಸಾಯಣ ಮತ್ತು ಭೋಗನಾಥ, ಭಾರದ್ವಾಜ ಗೋತ್ರ, ಬೋಧಾಯನ ಸೂತ್ರ, ಯಜುಃಶಾಖೆ. ಗ್ರಂಥವು ಬುಕ್ಕರಾಯನ ಆಶ್ರಯವನ್ನು ಹೇಳುವುದರಿಂದ ಅದನ್ನು ಆ ರಾಜನ ಕಾಲಕ್ಕೆ ಹಚ್ಚುವುದು ಯುಕ್ತ.

3.2. ಇದೇ ಕಾಲದಲ್ಲಿ ಇನ್ನೊಬ್ಬ ಮಾಧವನಿದ್ದ. ಆತ ಚೌಂಡಿಭಟ್ಟನ ಮಗ, ಆಂಗಿರಸ ಗೋತ್ರದವನು, ಕಾಶೀವಿಲಾಸ ಕ್ರಿಯಾಶಕ್ತಿಯ ಶಿಷ್ಯ. ಸೂತಸಂಹಿತೆಗೆ ತಾತ್ಪರ್ಯದೀಪಿಕೆ ಬರೆದ ಮಾಧವಮಂತ್ರಿ. 1368ರ ಶಿಕಾರಿಪುರ ಶಾಸನ ಇವನಿಗೆ ಸಂಬಂಧಿಸಿದ್ದು. ಗೋತ್ರ, ತಂದೆ, ಗುರು ಮೂರೂ ಬೇರೆಯಾಗಿರುವುದರಿಂದ ಇವರಿಬ್ಬರನ್ನು ಒಂದಾಗಿಸಲಾಗದು. 1916ರಲ್ಲಿ ಇಂಡಿಯನ್ ಆಂಟಿಕ್ವರಿಯ ಲೇಖನದಲ್ಲಿ ಆರ್. ನರಸಿಂಹಾಚಾರ್ಯರು ಇವರ ಭೇದವನ್ನು ತೋರಿಸಿದ್ದಾರೆ. ಸೇನಾಪತಿಯೂ ಆಗಿದ್ದ ಈ ಮಂತ್ರಿಯ ಸಾಹಸಗಳನ್ನು ಸನ್ಯಾಸಿ ವಿದ್ಯಾರಣ್ಯರ ಚರಿತ್ರೆಗೆ ಸೇರಿಸುವ ರೂಢಿಗೆ ಈ ಹೆಸರಿನ ಸಾಮ್ಯವೇ ಮುಖ್ಯ ಕಾರಣವಾಗಿರಬೇಕು.

3.3. ಮಾಯಣನ ಮಗ ಮಾಧವನೇ ಸನ್ಯಾಸ ಸ್ವೀಕರಿಸಿ ವಿದ್ಯಾರಣ್ಯನಾದನೆಂಬುದಕ್ಕೆ ಗ್ರಂಥಗಳೊಳಗಿನ ಪ್ರಬಲ ಸೂಚನೆ ಜೀವನ್ಮುಕ್ತಿವಿವೇಕದ ಆರಂಭದಲ್ಲಿದೆ. ಕೆಲವು ಸನ್ಯಾಸಧರ್ಮಗಳನ್ನು ಪರಾಶರಸ್ಮೃತಿಯ ವ್ಯಾಖ್ಯಾನದಲ್ಲಿ ತಾವೇ ವಿವರಿಸಿರುವುದಾಗಿ ಅದರ ಕರ್ತೃ ಹೇಳುತ್ತಾನೆ. ಪಾಠ ಶುದ್ಧವೆಂದು ಒಪ್ಪಿದರೆ ಸ್ಮೃತಿವ್ಯಾಖ್ಯಾನಕಾರ ಮತ್ತು ಜೀವನ್ಮುಕ್ತಿವಿವೇಕಕಾರ ಒಬ್ಬರೇ ಎಂದಾಗುತ್ತದೆ. ಈ ಐಕ್ಯಕ್ಕೆ ಆಧಾರ ಗ್ರಂಥಸ್ಥವೇ ಹೊರತು ಶಾಸನಸ್ಥವಲ್ಲ ಎಂಬುದನ್ನು ಗಮನಿಸಬೇಕು.

4. ಸರ್ವದರ್ಶನಸಂಗ್ರಹದ ಪ್ರಶ್ನೆ

4.1. ಚಾರ್ವಾಕದಿಂದ ತೊಡಗಿ ಶಾಂಕರದವರೆಗೆ ಹದಿನಾರು ದರ್ಶನಗಳನ್ನು ಕ್ರಮವಾಗಿ ನಿರೂಪಿಸುವ ಈ ಗ್ರಂಥ ಸಾಮಾನ್ಯವಾಗಿ ವಿದ್ಯಾರಣ್ಯರ ಹೆಸರಿನಲ್ಲಿ ಪ್ರಚಲಿತವಾಗಿದೆ. 1858ರಲ್ಲಿ ಪೂರ್ಣಗೊಂಡ ಕಲ್ಕತ್ತೆಯ ಈಶ್ವರಚಂದ್ರ ವಿದ್ಯಾಸಾಗರರ ಆವೃತ್ತಿಯಲ್ಲಿ ಶಾಂಕರದರ್ಶನವಿರಲಿಲ್ಲ. ಕೊವೆಲ್ ಮತ್ತು ಗಫ್ ಅವರ 1882ರ ಇಂಗ್ಲಿಷ್ ಅನುವಾದವೂ ಹದಿನೈದಕ್ಕೇ ನಿಂತಿತು. ಅಭ್ಯಂಕರರ 1924ರ ಆವೃತ್ತಿಯಲ್ಲಿ ಹದಿನಾರನೆಯದೂ ಇದೆ. ಹಳೆಯ ಲೇಖನಗಳು ‘ಹದಿನೈದು ದರ್ಶನಗಳು’ ಎನ್ನುವುದಕ್ಕೆ ಕಾರಣ ಇದು.

4.2. ಆರಂಭಶ್ಲೋಕಗಳಲ್ಲಿ ಕರ್ತೃವು ತನ್ನನ್ನು ಸಾಯಣಮಾಧವನೆಂದೂ ತನ್ನ ಗುರುವನ್ನು ಶಾರ್ಙ್ಗಪಾಣಿಯ ಮಗ ಸರ್ವಜ್ಞವಿಷ್ಣು ಎಂದೂ ಹೇಳಿಕೊಂಡಿದ್ದಾನೆ. ಮಾಯಣಪುತ್ರ ಮಾಧವನ ಗುರುಗಳಾಗಿ ಪ್ರಸಿದ್ಧರಾದವರು ವಿದ್ಯಾತೀರ್ಥ, ಭಾರತೀತೀರ್ಥ ಮತ್ತು ಶ್ರೀಕಂಠ. ಈ ಅಂತರದಿಂದ ಎರಡು ಪರ್ಯಾಯ ಮತಗಳು ಹುಟ್ಟಿವೆ. ಒಂದು, ಕರ್ತೃ ಸಾಯಣನ ಮಗನಾದ ಮಾಧವ. ಇನ್ನೊಂದು, ಸರ್ವಜ್ಞವಿಷ್ಣುವಿನ ಮಗನೂ ತರ್ಕಭಾಷಾಪ್ರಕಾಶಿಕೆಯ ಕರ್ತೃವೂ ಆದ ಚನ್ನಿಭಟ್ಟ. 1961ರಲ್ಲಿ ಅನಂತಲಾಲ ಠಾಕುರರು ಇದನ್ನು ಪ್ರತಿಪಾದಿಸಿದರು. ‘ಸಾಯಣ’ವನ್ನು ಕುಲನಾಮವೆಂದು ತೆಗೆದುಕೊಂಡರೆ ಸಾಂಪ್ರದಾಯಿಕ ಮತವೂ ಪೂರ್ತಿ ಬಿದ್ದುಹೋಗುವುದಿಲ್ಲ, ಆದರೆ ಗುರುವಿನ ಹೆಸರಿನ ತೊಡಕಿಗೆ ಅದು ಉತ್ತರವಾಗದು.

5. ಹೋಲಿಕೆ ಮತ್ತು ಅದರ ಮಿತಿ

5.1. ಮಾಧವ ಮತ್ತು ವಿದ್ಯಾರಣ್ಯರ ಹೆಸರಿನಲ್ಲಿರುವ ಗ್ರಂಥಸಮೂಹವನ್ನು ಇಟಲಿಯ ತಾಮಸ್ ಅಕ್ವಿನಾಸನ (ಜನನ 1224 ಅಥವಾ 1225, ಮರಣ 7 ಮಾರ್ಚ್ 1274) ಕೃತಿಗಳೊಡನೆ ಹೋಲಿಸುವುದುಂಟು. ಅವನ ಸುಮ್ಮಾ ಥಿಯೊಲಾಜಿಯೆಯ ಪ್ರತಿ ಘಟಕದಲ್ಲಿ ಪ್ರಶ್ನೆ, ಆಕ್ಷೇಪಗಳು, ವಿರುದ್ಧಪ್ರಮಾಣ, ನಿರ್ಣಯ, ಒಂದೊಂದು ಆಕ್ಷೇಪಕ್ಕೂ ಸಮಾಧಾನ ಎಂಬ ಕ್ರಮವಿದೆ. ಮೀಮಾಂಸೆಯ ಅಧಿಕರಣದಲ್ಲಿ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂಬ ಅಂಗಗಳಿವೆ. ಮಾಧವನ ಜೈಮಿನೀಯನ್ಯಾಯಮಾಲೆ, ಭಾರತೀತೀರ್ಥರ ವೈಯಾಸಿಕನ್ಯಾಯಮಾಲೆ ಎರಡೂ ಈ ಕ್ರಮವನ್ನು ಶ್ಲೋಕಗಳಲ್ಲಿ ಅಡಕಗೊಳಿಸಿದ ಪಾಠ್ಯಗ್ರಂಥಗಳು. ಸಾಮ್ಯವಿರುವುದು ಬೋಧನೆಯ ವಿಧಾನದಲ್ಲಿ. ಸಂಪರ್ಕವನ್ನಾಗಲಿ ಪ್ರಭಾವವನ್ನಾಗಲಿ ಅದು ಸೂಚಿಸುವುದಿಲ್ಲ. ಅಧಿಕರಣಕ್ರಮವು ತಾಮಸನಿಗಿಂತ ಶತಮಾನಗಳಷ್ಟು ಹಿಂದಿನದು.

5.2. ಕರ್ತೃತ್ವದ ವಿಷಯದಲ್ಲಿ ವ್ಯತ್ಯಾಸ ದೊಡ್ಡದು. ತಾಮಸನು ತೀರಿದ ನಲವತ್ತೈದು ವರ್ಷಗಳಿಗೆ, ಅವನನ್ನು ಸಂತನೆಂದು ಘೋಷಿಸುವ ಕುರಿತ 1319ರ ನೇಪಲ್ಸ್ ವಿಚಾರಣೆಯಲ್ಲಿ, ಕಪುವಾದ ಬಾರ್ತೊಲೊಮೆಯೊ ಅವನ ಕೃತಿಗಳ ಪಟ್ಟಿಯನ್ನು ಸಾಕ್ಷ್ಯವಾಗಿ ಕೊಟ್ಟಿದ್ದಾನೆ. ಅಷ್ಟಿದ್ದೂ ಪ್ರಕ್ಷಿಪ್ತ ಕೃತಿಗಳನ್ನು ಬೇರ್ಪಡಿಸುವ ಕೆಲಸ 1910ರಲ್ಲಿ ಮಂಡೊನೆಯ ಗ್ರಂಥದವರೆಗೂ, ಅದರಿಂದಾಚೆಗೂ ಮುಂದುವರಿಯಿತು. ಮಾಧವನ ವಿಷಯದಲ್ಲಿ ಆಧಾರವಾಗುವುದು ಮುಖ್ಯವಾಗಿ ಆಯಾ ಗ್ರಂಥದ ಆದ್ಯಂತವಾಕ್ಯಗಳು ಮತ್ತು ಪರಸ್ಪರ ಉಲ್ಲೇಖಗಳು.

5.3. ಇದೇ ಸಂಪುಟದ ತರೀಕೆರೆ 45, ಅಂದರೆ ಅಮೃತಾಪುರದ 1197ರ ಶಾಸನ, ಜನ್ನನ ರಚನೆಯೆಂದು ಗುರುತಾಗಿದೆ. ಅಲ್ಲಿ ಕವಿಯನ್ನೂ ಕಾಲವನ್ನೂ ಒಂದೇ ಕಲ್ಲು ಕೊಡುತ್ತದೆ. ಶೃಂಗೇರಿಯ ಶಾಸನಗಳು ದಾನ ಪಡೆದವರನ್ನು ಹೇಳುತ್ತವೆ. ಗ್ರಂಥಕರ್ತೃತ್ವವನ್ನು ನಿರ್ಣಯಿಸಲು ಅವು ಸಾಲವು.

6. ನಿರ್ಣಯ

ಕ. ವಿದ್ಯಾರಣ್ಯರು 1375ರಿಂದ 1386ರವರೆಗೆ ಶೃಂಗೇರಿಯಲ್ಲಿ ಪ್ರಮುಖರಾಗಿದ್ದರೆಂಬುದು ದೃಢ.

ಖ. ಅವರು ಮಾಯಣಪುತ್ರ ಮಾಧವರೆಂಬುದು ಬಹುಮಟ್ಟಿಗೆ ಸಂಭಾವ್ಯ, ಆಧಾರ ಗ್ರಂಥಗಳದು.

ಗ. ಮಾಧವಮಂತ್ರಿ ಭಿನ್ನ ವ್ಯಕ್ತಿ.

ಘ. ಸರ್ವದರ್ಶನಸಂಗ್ರಹವನ್ನು ವಿದ್ಯಾರಣ್ಯರದೆಂದು ನಿಶ್ಚಿತವಾಗಿ ಉಲ್ಲೇಖಿಸದೆ ‘ಸಾಯಣಮಾಧವಕೃತ’ ಎಂದು ಗ್ರಂಥದ ಮಾತಿನಂತೆಯೇ ನಮೂದಿಸುವುದು ಸದ್ಯಕ್ಕೆ ಉಚಿತ.