ಡಬ್ಬಿಂಗ್ ಬೇಡದ ಕೂಸು

ಹಲಸೂರಿನ ನಮ್ಮ ವಠಾರದಲ್ಲಿ ನಾಲ್ಕು ಮನೆ, ನಾಲ್ಕು ಭಾಷೆ. ನಮ್ಮದು ಕನ್ನಡ, ಎದುರುಮನೆಯವರದು ತಮಿಳು, ಮೂಲೆಯವರದು ತೆಲುಗು, ಗೇಟಿನ ಪಕ್ಕದವರದು ಉರ್ದು. ದಂಡಿನ ಕಡೆ ಇದು ಹಳೆಯ ಸಂಗತಿ. 1809ರ ಹೊತ್ತಿಗೆ ಬ್ರಿಟಿಷರು ಇಲ್ಲಿ ದಂಡು ಕಟ್ಟಿದಾಗ ಸಿಪಾಯಿಗಳ ಬೆನ್ನಿಗೇ ಮದ್ರಾಸು ಸೀಮೆಯ ಜನ ಬಂದು ನೆಲೆಸಿದರು. 1949ರವರೆಗೂ ಪೇಟೆಯ ಆಡಳಿತವೇ ಬೇರೆ, ದಂಡಿನದೇ ಬೇರೆ.

2006ರಲ್ಲಿ ಹಂಗಾಮಾ ಟಿವಿಯಲ್ಲಿ ಶಿನ್‌ಚಾನ್ ಹಿಂದಿಯಲ್ಲಿ ಬರತೊಡಗಿದಾಗ ವಠಾರದ ಮಕ್ಕಳೆಲ್ಲ ಗೇಟಿನ ಪಕ್ಕದ ಮನೆಯಲ್ಲೇ. ಹಿಂದಿ ಸಲೀಸಾಗಿ ತಿಳಿಯುತ್ತಿದ್ದುದು ಆ ಮನೆಯ ಹುಡುಗಿಗೆ ಮಾತ್ರ. ಪ್ರತಿ ಮಾತಿಗೂ ನನ್ನ ಮಗಳು ಅವಳ ಮೊಣಕೈ ತಿವಿದು "ಏನಂದ್ನೇ? ಹೇಳೇ" ಅನ್ನುತ್ತಿದ್ದಳು. ಅವಳು ಹೇಳಿ ಮುಗಿಸುವಷ್ಟರಲ್ಲಿ ಮುಂದಿನ ಮಾತು ಹೋಗಿರುತ್ತಿತ್ತು. ಆದರೆ ಶಿನ್‌ಚಾನ್‌ನ ಪುಟ್ಟ ತಂಗಿ ಹಿಮಾವರಿ ತೆರೆಗೆ ಬಂದಳೋ, ಯಾರೂ ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಹೊಳೆಯುವ ಒಡವೆ ಕಂಡರೆ ಅಂಬೆಗಾಲಲ್ಲೇ ಓಡುವ, ಚೆಂದದ ಗಂಡಸರನ್ನು ಕಂಡರೆ ಕಣ್ಣರಳಿಸುವ ಕೂಸು ಅದು. ಬಾಯಲ್ಲಿ ಮಾತೇ ಇಲ್ಲ, ಬರೀ ತೊದಲು, ಕೇಕೆ, ಅಳು. ನಾಲ್ಕೂ ಮನೆಯ ಮಕ್ಕಳು ಒಟ್ಟಿಗೇ ನಗುತ್ತಿದ್ದರು. ಜಪಾನಿನಲ್ಲಿ 1992ರಿಂದ ಬರುತ್ತಿದ್ದ ಈ ಧಾರಾವಾಹಿಗೆ ಹಿಮಾವರಿ ಸೇರಿದ್ದು 1996ರಲ್ಲಿ. ಅಮೆರಿಕದ 'ಸಿಂಪ್ಸನ್ಸ್' ಕುಟುಂಬದ ಮ್ಯಾಗಿಯೂ ಇಂಥವಳೇ, ಬಾಯಿಚೀಪು ಕಚ್ಚಿಕೊಂಡೇ ಕಿತಾಪತಿ ಮಾಡುವವಳು.

ಈ ಕೂಸುಗಳಿಗೆ ಡಬ್ಬಿಂಗ್ ಬೇಡ. ಆದರೆ ಶಿನ್‌ಚಾನ್‌ನಂಥ ಮಾತಾಡುವ ಅಣ್ಣಂದಿರು ಕನ್ನಡಕ್ಕೆ ಬರಲು ಯಾಕಿಷ್ಟು ತಡವಾಯಿತು? ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ, ಉದಯ ಟಿವಿ 1994ರಲ್ಲಿ. ನಡುವೆ 1993ರಲ್ಲಿ 'ಜಂಗಲ್ ಬುಕ್' ಕಾರ್ಟೂನಿನ ಮೋಗ್ಲಿ ಬಂದ, ಅವನೂ ಹಿಂದಿಯಲ್ಲೇ. ಈ ತಡದ ಬೇರು 1960ರ ದಶಕದಲ್ಲಿದೆ. ಹೊರಗಿನ ಚಿತ್ರಗಳು ಡಬ್ ಆಗಿ ಬಂದು ಇಲ್ಲಿನ ಕಲಾವಿದರ, ತಂತ್ರಜ್ಞರ ಕೆಲಸಕ್ಕೆ ಕುತ್ತು ತಂದಾಗ ಸಾಹಿತಿ ಅ.ನ.ಕೃ. ಮುಂತಾದವರು ಅದರ ವಿರುದ್ಧ ಚಳವಳಿಗೆ ಇಳಿದರು. ಕಾನೂನಾಗಿ ಬರೆದಿಡದಿದ್ದರೂ ಡಬ್ಬಿಂಗ್ ನಿಷೇಧ ದಶಕಗಳ ಕಾಲ ನಡೆಯಿತು. ಆ ಹೋರಾಟ ಅಂದಿಗೆ ಬೇಕಿತ್ತು, ಕನ್ನಡ ಚಿತ್ರರಂಗ ತನ್ನ ಕಾಲ ಮೇಲೆ ನಿಂತದ್ದರಲ್ಲಿ ಅದರ ಪಾಲಿದೆ. ಆದರೆ ಮಕ್ಕಳ ಕಾರ್ಟೂನಿನಿಂದ ಯಾವ ಕಲಾವಿದನ ಅನ್ನಕ್ಕೂ ಕಲ್ಲು ಬೀಳುತ್ತಿರಲಿಲ್ಲ. ಅಷ್ಟು ವರ್ಷ ನಮ್ಮ ಮಕ್ಕಳನ್ನು ಕಾಯಿಸಿದ್ದು ಅನ್ಯಾಯ ಅಂತಲೇ ನಾನು ಹೇಳುತ್ತೇನೆ.

ಸನ್ ಬಳಗದವರು ತಮಿಳು ಮಕ್ಕಳಿಗೆ 2007ರಲ್ಲೇ ಚುಟ್ಟಿ ಟಿವಿ ಕೊಟ್ಟಿದ್ದರು. ಎದುರುಮನೆಯಲ್ಲಿ ಅದು ಶುರುವಾದಾಗ ನನ್ನ ಮಗಳು ಹೊಸಿಲಲ್ಲಿ ನಿಂತು ನೋಡಿ ಬರುತ್ತಿದ್ದಳು. 2009ರಲ್ಲಿ ತೆಲುಗಿಗೆ ಖುಷಿ, ಕನ್ನಡಕ್ಕೆ ಚಿಂಟು ಬಂದವು. ಕಾರ್ಟೂನಿನ ಡೋರಾ ನಮ್ಮ ಮನೆಯಲ್ಲಿ ಕನ್ನಡ ಮಾತಾಡಿದಳು. ಆಮೇಲೆ ಎದುರುಮನೆಯ ತಮಿಳು ಹುಡುಗನೇ ಸಂಜೆ ನಮ್ಮಲ್ಲಿಗೆ ಬರತೊಡಗಿದ. ಶಾಲೆಯಲ್ಲಿ ಅವನಿಗೆ ಕನ್ನಡ ಕಷ್ಟವಾಗಿತ್ತು. ಡೋರಾ ಕೇಳಿದ್ದಕ್ಕೆಲ್ಲ ಟಿವಿಯ ಮುಂದೆ ನಿಂತು ಗಟ್ಟಿಯಾಗಿ ಉತ್ತರ ಕೊಡುತ್ತಿದ್ದ.

ದೊಡ್ಡವರಿಗೆ ಮಾತ್ರ ಆ ನಿಷೇಧ ಹಾಗೇ ಉಳಿದಿತ್ತು. ಮೂರು ವರ್ಷದ ಮೇಲೆ, 2012ರಲ್ಲಿ, ಆಮಿರ್ ಖಾನರ ಟಿವಿ ಕಾರ್ಯಕ್ರಮ 'ಸತ್ಯಮೇವ ಜಯತೇ' ಕನ್ನಡಕ್ಕೆ ಡಬ್ ಆಗಿ ಬರಲು ಆಗಲಿಲ್ಲ. ಭಾರತದ ಸ್ಪರ್ಧಾ ಆಯೋಗ 2015ರಲ್ಲಿ ಡಬ್ಬಿಂಗ್ ತಡೆಯುವುದು ತಪ್ಪೆಂದಿತು. ದೊಡ್ಡವರ ಡಬ್ಬಿಂಗ್ ಸಿನಿಮಾ 'ಸತ್ಯದೇವ್ ಐಪಿಎಸ್' ಚಿತ್ರಮಂದಿರಕ್ಕೆ ಬಂದದ್ದು 2017ರಲ್ಲಿ. ಅಷ್ಟರಲ್ಲಿ ನನ್ನ ಮಗಳು ಕಾರ್ಟೂನ್ ನೋಡುವುದನ್ನೇ ಬಿಟ್ಟಿದ್ದಳು.