ಅವಸರವೂ ಆತುರವೂ

ತಿರುಮುಕ್ಕೂಡಲು ದೇವಾಲಯದ 11ನೆಯ ಶತಮಾನದ ಚೋಳಶಾಸನದಲ್ಲಿ 15 ಹಾಸಿಗೆಗಳ ಆತುರಶಾಲೆಯೊಂದರ ಉಲ್ಲೇಖವಿರುವುದನ್ನು ಎಲ್ಲಿಯೋ ಓದಿದ ವಾಚಕರೊಬ್ಬರು, ಆತುರಪಡುವವರನ್ನು ಮಲಗಿಸುವುದಕ್ಕೆ ಅರಸರು ಶಾಲೆಯನ್ನೇಕೆ ನಡೆಸಬೇಕಾಗಿತ್ತೆಂದು ಕೇಳಿ ನನಗೆ ಕಾಗದ ಬರೆದಿದ್ದಾರೆ. ಲಕೋಟೆಯ ಮೇಲೆ ಕೆಂಪು ಶಾಯಿಯಲ್ಲಿ ‘ಅರ್ಜೆಂಟ್’ ಎಂದು ಬರೆದು ಅಡಿಗೆರೆಯನ್ನೂ ಎಳೆದಿರುವುದರಿಂದ, ಪ್ರಶ್ನೆಗಿಂತ ಲಕೋಟೆಯೇ ನನ್ನನ್ನು ಹೆಚ್ಚಾಗಿ ಚಿಂತೆಗೆ ಹಚ್ಚಿತು.

ಅವಸರ, ಆತುರ ಎಂಬೀ ಶಬ್ದಗಳನ್ನು ನಾವು ಅವಳಿಮಕ್ಕಳಂತೆ ಒಟ್ಟಿಗೆ ಆಡಿಸುತ್ತಿದ್ದರೂ ಅವು ಒಡಹುಟ್ಟಿದವಲ್ಲ. ಸಂಸ್ಕೃತದಲ್ಲಿ ಅವಸರವೆಂದರೆ ಸಮಯ, ಸಂದರ್ಭ, ಅವಕಾಶ. ಆತುರನಾದರೋ ಪೀಡಿತನು, ರೋಗಿ. ಸ್ವಸ್ಥನ ಆರೋಗ್ಯವನ್ನು ಕಾಪಾಡುವುದೂ ಆತುರನ ವಿಕಾರವನ್ನು ಶಮನಗೊಳಿಸುವುದೂ ಆಯುರ್ವೇದದ ಪ್ರಯೋಜನವೆಂದು ಚರಕಸಂಹಿತೆ ಹೇಳುವಲ್ಲಿ ಇರುವವನು ಈ ಆತುರನೇ.

ಅವಸರವು ಮಲೆಯಾಳಿಗಳಲ್ಲಿ ಇಂದಿಗೂ ಅವಕಾಶವಾಗಿಯೇ ಉಳಿದಿದೆ, ತಮಿಳರಲ್ಲಿ ನಮ್ಮಲ್ಲಿಯಂತೆಯೇ ತ್ವರೆಯಾಗಿದೆ, ತೆಲುಗರಲ್ಲಿ ಅಗತ್ಯವಾಗಿದೆ. ಒಮ್ಮೆ ನೆಲ್ಲೂರಿನಲ್ಲಿ, ರೈಲಿಗೆ ಹೋಗಲು ಗಾಡಿಯನ್ನು ಕರೆಸಲೇ ಎಂದು ಆತಿಥೇಯರನ್ನು ಕೇಳಲು, ನಿಲ್ದಾಣವು ಕೂಗಳತೆಯಲ್ಲಿದ್ದುದರಿಂದ ಅವರು ‘ಅವಸರಂ ಲೇದು’ ಎಂದರು. ನಾನು ಅದನ್ನು ಕನ್ನಡದಲ್ಲಿ ಕೇಳಿಸಿಕೊಂಡು, ಮತ್ತೊಂದು ಲೋಟ ಕಾಫಿ ಕುಡಿದು, ರೈಲನ್ನು ಕಳೆದುಕೊಂಡೆನು.

ಆತುರದ ವಿಷಯದಲ್ಲಿ ನನ್ನದೊಂದು ಸಿದ್ಧಾಂತವುಂಟು, ನಿಘಂಟುಕಾರರು ಒಪ್ಪಲಿ, ಬಿಡಲಿ: ರೋಗಿಯ ಹೆಸರು ವೈದ್ಯನನ್ನು ಕರೆಯಲು ಓಡಿದವನಿಗೆ ಅಂಟಿಕೊಂಡಿತು. ನಾಡೀಪರೀಕ್ಷೆಯನ್ನು ಬಲ್ಲವರಾಗಿದ್ದ ನಮ್ಮ ಅಜ್ಜನ ಮನೆಯ ಜಗುಲಿಗೆ, ಮಳೆಗಾಲದ ಒಂದು ಅಪರಾತ್ರಿ, ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿ, ಆರಿಹೋದ ಲಾಟೀನನ್ನು ಹಿಡಿದುಕೊಂಡೇ ಒಬ್ಬನು ಏದುತ್ತ ಬಂದನು. ಅಜ್ಜ ಅವನನ್ನು ಕೂಡಿಸಿ, ಬೆಲ್ಲದ ಚೂರನ್ನೂ ನೀರನ್ನೂ ಕೊಟ್ಟು, ಮೊದಲು ಅವನ ನಾಡಿಯನ್ನೇ ಹಿಡಿದರು. ಉಸಿರು ಹದಕ್ಕೆ ಬಂದ ಮೇಲೆಯೇ ಮಲಗಿರುವವರಾರೆಂದು ವಿಚಾರಿಸಿದರು. ‘ಆತುರಗಾರನಿಗೆ ಬುದ್ಧಿ ಮಟ್ಟ’ ಎಂಬ ಗಾದೆಯನ್ನು ಪರರ ಮೂರ್ಖತನವನ್ನು ಹಳಿಯಲು ನಾವು ಬಳಸುತ್ತೇವೆ; ಅಜ್ಜ ಅದನ್ನು ರೋಗಲಕ್ಷಣದಂತೆ ಆಡುತ್ತಿದ್ದರು. ಜ್ವರವುಳ್ಳವನಿಗೆ ನಾಲಗೆ ಕಹಿಯಾಗುವಂತೆ ಆತುರವುಳ್ಳವನಿಗೆ ಬುದ್ಧಿ ಮಟ್ಟವಾಗುತ್ತದೆ. ಬೈದರೆ ಯಾವ ಜ್ವರವೂ ಇಳಿಯುವುದಿಲ್ಲವೆಂಬುದು ಅವರ ವಾದ. ಆ ರಾತ್ರಿ ಬಂದವನು ರೋಗಿ ತನ್ನ ತಾಯಿಯೆಂಬುದನ್ನು ಹೇಳಿದವನು, ಅವಳಿಗೆ ಏನಾಗಿದೆಯೆಂಬುದನ್ನು ದಾರಿಯುದ್ದಕ್ಕೂ ನೆನಪಿಸಿಕೊಳ್ಳುತ್ತಲೇ ಹೋದನಂತೆ.

ಈಗ ಈ ಎರಡು ಶಬ್ದಗಳನ್ನೂ ಅರ್ಜೆಂಟೆಂಬ ಒಂದೇ ಶಬ್ದವು ನುಂಗಿದೆ. ಮದುವೆಯ ಊಟವೂ ಅರ್ಜೆಂಟು, ಚೌರವೂ ಅರ್ಜೆಂಟು. ಹೊತ್ತು ಮೀರುತ್ತಿದೆಯೋ, ಆಡುವವನ ಚಿತ್ತವೇ ಕೆಟ್ಟಿದೆಯೋ ಎಂಬುದನ್ನು ತಿಳಿಯುವ ಬಗೆಯೇ ಇಲ್ಲ. ಅವಸರವೆಂದರೆ ಗಡಿಯಾರವನ್ನು ನೋಡಬಹುದಾಗಿತ್ತು, ಆತುರವೆಂದರೆ ಆಸಾಮಿಯನ್ನು ನೋಡಬಹುದಾಗಿತ್ತು.

ಕಾಗದ ಬರೆದ ಮಹನೀಯರಲ್ಲಿ ವಿಜ್ಞಾಪನೆ: ಆತುರಶಾಲೆಯೆಂದರೆ ಆಸ್ಪತ್ರೆ; ಆದರೂ ತಾವು ಊಹಿಸಿದ ಅರ್ಥದಲ್ಲಿಯೂ ಅಂಥದೊಂದು ಇರತಕ್ಕದ್ದೇ. ತಮ್ಮ ಅರ್ಜೆಂಟ್ ಲಕೋಟೆ ನನ್ನ ಮೇಜಿನ ಮೇಲೆ ಮೂರು ತಿಂಗಳಿಂದ ಇದೆ.